ಉಳ್ಳಾಗಡ್ಡಿ ಬೇರಿನ ಹದಿನಾರು ಎಳೆಗಳು

ರಬಕವಿಯ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕಾಮಣ್ಣ ಸಿಪಾಯಿಯಾಗಿ ಸೇರಿ ಹದಿನೆಂಟು ವರ್ಷವಾಗಿತ್ತು. ಗಂಟೆ ಹೊಡೆಯುವುದು, ಹೆಡ್ ಮಾಸ್ತರರ ಮೇಜು ಒರೆಸುವುದು, ಸಾಯನ್ಸ್ ಕೋಣೆಯ ಬೀಗ ತೆಗೆದು ಹಾಕುವುದು ಅವನ ಕೆಲಸ. ಆ ಕೋಣೆಯ ಕಿಟಕಿಯ ಕೆಳಗೆ ಒಂದು ಸ್ಟೂಲು ಇತ್ತು. ಬಿಡುವಾದಾಗ ಅವನು ಕೂರುತ್ತಿದ್ದುದು ಅಲ್ಲೇ. ಒಳಗಿನ ಪಾಠವೆಲ್ಲ ಸ್ವಚ್ಛವಾಗಿ ಕೇಳಿಸುತ್ತಿತ್ತು. ವರ್ಷ ವರ್ಷವೂ ಅದೇ ಪಾಠ, ಹುಡುಗಿಯರು ಮಾತ್ರ ಹೊಸಬರು. ಮಾಸ್ತರರ ಬಾಯಿಂದ ಮುಂದೆ ಯಾವ ವಾಕ್ಯ ಬರುತ್ತದೆಂದು ಕಾಮಣ್ಣನಿಗೆ ಮೊದಲೇ ಗೊತ್ತಿರುತ್ತಿತ್ತು. ಅರ್ಥವೊಂದು ಗೊತ್ತಿರುತ್ತಿರಲಿಲ್ಲ, ಅಷ್ಟೆ. ಅವನ ಓದು ಏಳನೆಯ ಇಯತ್ತೆಗೇ ನಿಂತುಹೋಗಿತ್ತು.

ಆ ಪಾಠಗಳಲ್ಲಿ ಒಂದು ಶಬ್ದ ಮಾತ್ರ ಅವನನ್ನು ಬಿಡದೆ ಕಾಡುತ್ತಿತ್ತು. ವರ್ಣತಂತು.

ಕಾಮಣ್ಣನದು ಬಣ್ಣ ಹಾಕುವವರ ಮನೆತನ. ಅವನಪ್ಪ ಗುರಪ್ಪ ಸೀರೆಯ ಸೆರಗಿನ ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಬನಹಟ್ಟಿಯ ತನಕ ಹೆಸರಾದವನು. ಗುರಪ್ಪನ ಬಣ್ಣ ಸೀರೆ ಹರಿದರೂ ಬಿಡುವುದಿಲ್ಲ ಅಂತ ಹೆಂಗಸರು ಹೇಳುತ್ತಿದ್ದರು. ಮುಂದೆ ಬಣ್ಣ ಹಾಕಿದ ನೂಲೇ ಪರ ಊರಿನಿಂದ ಬರತೊಡಗಿತು, ಒಲೆ ಆರಿತು, ಗುರಪ್ಪ ತೀರಿಕೊಂಡ, ಮಗ ಶಾಲೆಯ ಸ್ಟೂಲಿಗೆ ಬಂದು ಕೂತ. ಅಂಥವನ ಕಿವಿಗೆ ವರ್ಷಕ್ಕೊಮ್ಮೆ ಈ ಶಬ್ದ ಬೀಳುತ್ತಿತ್ತು. ವರ್ಣ ಅಂದರೆ ಬಣ್ಣ, ತಂತು ಅಂದರೆ ಎಳೆ. ತಮ್ಮ ಕಸುಬಿನ ಮಾತು ಜೀವಶಾಸ್ತ್ರದ ಪುಸ್ತಕದೊಳಗೆ ಹೇಗೆ ಹೊಕ್ಕಿತು ಎಂದು ಕೇಳಬೇಕೆನಿಸುತ್ತಿತ್ತು. ಆದರೆ ಸಿಪಾಯಿ ಹೋಗಿ ಮಾಸ್ತರರಿಗೆ ಪಾಠದ ಸಂಶಯ ಕೇಳುವುದುಂಟೆ? ಸುಮ್ಮನಿದ್ದುಬಿಡುತ್ತಿದ್ದ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಮರುವರ್ಷ ಶಾಲೆಗೆ ಹೊಸ ಸಾಯನ್ಸ್ ಟೀಚರು ಬಂದಳು. ಹೆಸರು ಪ್ರತಿಮಾ, ಬೀಳಗಿಯ ಕಡೆಯವಳು, ಇದೇ ಮೊದಲ ನೌಕರಿ. ಸಿಪಾಯಿಗೂ ರೀ ಹಚ್ಚಿ ಮಾತಾಡಿಸುತ್ತಿದ್ದಳು. ದೀಪಾವಳಿ ಸೂಟಿ ಮುಗಿದ ಮೇಲೆ ಅವಳು ಆ ಪಾಠ ಶುರುಮಾಡಿದ ದಿನ, ಹುಡುಗಿಯರೆಲ್ಲ ಹೊರಗೆ ಹೋದ ಮೇಲೆ, ಕಾಮಣ್ಣ ಬೀಗದ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಅಕ್ಕೋರ, ಒಂದು ಮಾತು ಕೇಳಲೇನ್ರಿ? ನಗಬ್ಯಾಡ್ರಿ ಮತ್ತ."

"ಕೇಳ್ರಿ ಕಾಮಣ್ಣಾರ."

"ಈ ವರ್ಣತಂತು ಅಂತೀರಲ್ರಿ, ಅದು ಯಾವ ಬಣ್ಣದ್ದರಿ?"

ಪ್ರತಿಮಾ ನಗಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. "ಅದಕ್ಕ ತನ್ನದಂತ ಬಣ್ಣ ಇಲ್ರಿ. ನಾವು ಬಣ್ಣ ಹಾಕಿದ್ರ ಅದು ಗಟ್ಟಿಯಾಗಿ ಹಿಡ್ಕೋತೈತಿ. ಆವಾಗ ಕಾಣತೈತಿ. ಅದಕ್ಕ ಆ ಹೆಸರು."

ಆಮೇಲೆ ಅವಳು ಕರಿಹಲಗೆಯ ಮೇಲೆ ಒಂದು ಡಬ್ಬಿಯಂಥ ಚಿತ್ರ ಬರೆದು ತಿಳಿಸಿ ಹೇಳಿದಳು. ಗಿಡವಾಗಲಿ ಮನುಷ್ಯನಾಗಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿರುವುದು. ನಾವು ಬೆಳೆಯುವುದೆಂದರೆ ಒಂದು ಕೋಶ ಎರಡಾಗುವುದು, ಎರಡು ನಾಲ್ಕಾಗುವುದು. ಒಳಗಿನ ಎಳೆಗಳಲ್ಲೇ ಆ ಜೀವದ ಗುಣವೆಲ್ಲ ಇರುವುದು. ಒಡೆಯುವ ಮೊದಲು ಪ್ರತಿ ಎಳೆಯೂ ತನ್ನಂಥದೇ ಇನ್ನೊಂದನ್ನು ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಜೋಡಿ ಬಿಚ್ಚಿ ಒಂದು ಆ ಕಡೆ, ಒಂದು ಈ ಕಡೆ. ಹಾಗಾಗಿ ಹುಟ್ಟಿದ ಎರಡು ಕೋಶಗಳೂ ಹಳೆಯದರ ಹಾಗೇ ಇರುತ್ತವೆ.

ಕಾಮಣ್ಣ ಕಣ್ಣು ಕಿರಿದು ಮಾಡಿ ಎಲ್ಲ ಕೇಳಿಸಿಕೊಂಡ. "ಭಾಳ ಛಲೋ ಐತ್ರಿ. ನೀವು ನೋಡೀರೇನ್ರಿ ಇದನ್ನ?"

ಹೌದು ಅನ್ನಲು ಪ್ರತಿಮಾಳ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಖಾಲಿ ಬೆಂಚುಗಳ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದಳು.

"ಖರೆ ಹೇಳಬೇಕಂದ್ರ ಇಲ್ರಿ. ಚಿತ್ರ ಬರದೇನಿ, ಪರೀಕ್ಷಾದಾಗ ಪೂರ್ತಿ ಅಂಕ ಬಂದಾವ. ಆದ್ರ ಕಾಲೇಜಿನ್ಯಾಗ ಸೂಕ್ಷ್ಮದರ್ಶಕಕ್ಕ ಕಣ್ಣು ಇಟ್ರ ನನಗ ಬರೇ ಮಬ್ಬು ಕಂಡಿತ್ತು. ಬಾಜೂದಾಕಿ ಬರದಿದ್ದು ನೋಡಿ ನಾ ಬರದೆ. ಆಕಿ ಯಾರದು ನೋಡಿ ಬರದಿದ್ದಳೋ ದೇವರಿಗೆ ಗೊತ್ತು."

ಕಾಮಣ್ಣ ಕಪಾಟಿನಲ್ಲಿ ಹಳದಿ ಬಟ್ಟೆ ಹೊದ್ದುಕೊಂಡು ಕೂತಿದ್ದ ಸೂಕ್ಷ್ಮದರ್ಶಕದ ಕಡೆ ನೋಡಿದ. ಪ್ರತಿ ಶನಿವಾರ ಅದರ ಧೂಳು ಒರೆಸಿದವನು ಅವನೇ.

"ಹಂಗಾರ ನೋಡೋಣಲ್ರಿ," ಎಂದ.

ನೋಡಬೇಕೆಂದರೆ ಮೊದಲು ಬೇಕಾದದ್ದು ಉಳ್ಳಾಗಡ್ಡಿ. ಅದರ ಬೇರಿನ ತುದಿಯಲ್ಲಿ ಕೋಶಗಳು ಭರದಿಂದ ಎರಡಾಗುತ್ತಿರುತ್ತವಂತೆ. ಆದರೆ ಆ ವರ್ಷ ದೇಶದ ತುಂಬ ಉಳ್ಳಾಗಡ್ಡಿಯದೇ ಮಾತು. ಬಾಯಿಬಿಟ್ಟು ಕೇಳಿದರೂ ಪೇಟೆಯಲ್ಲಿ ಸಿಗದಷ್ಟು ತುಟ್ಟಿಯಾಗಿತ್ತು. ಕಾಮಣ್ಣ ಅಡುಗೆಮನೆಯ ಬುಟ್ಟಿಗೆ ಕೈ ಹಾಕಿದ್ದನ್ನು ಅವನ ಹೆಂಡತಿ ಪದ್ಮವ್ವ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಲೇ ನೋಡಿದಳು.

"ಅಲ್ರೀ, ಪಲ್ಯಾಕ್ಕ ಅರ್ಧ ಗಡ್ಡಿ ಹಾಕಾಕ ನಾ ಹಿಂದ ಮುಂದ ನೋಡಾಕತ್ತೇನಿ. ನೀವು ನಾಕು ಎತ್ತಿಕೊಂಡು ಎಲ್ಲಿಗೆ ಹೊಂಟೀರಿ?"

"ಸಾಲಿಗೆ. ನೀರಾಗ ಇಟ್ಟು ಬೇರು ಬರಸಬೇಕು."

"ಸಾಲ್ಯಾಗ ಉಳ್ಳಾಗಡ್ಡಿಗೂ ಹೆಸರು ಹಚ್ಚತಾರೇನು ಈಗ?"

"ಬೇರಿನ ತುದಿ ಅಷ್ಟ ಕತ್ತರಸ್ತೇವಿ. ಗಡ್ಡಿ ಹಂಗ ಇರತೈತಿ."

"ನಾಕು ಕೊಟ್ಟೇನಿ, ನಾಕು ಹೊಳ್ಳಿ ಬರಬೇಕು ನೋಡ್ರಿ," ಎಂದು ಪದ್ಮವ್ವ ರಾಟಿ ತಿರುಗಿಸಿದಳು.

ನಾಲ್ಕು ಗಾಜಿನ ಲೋಟಗಳ ಬಾಯಿಗೆ ಜಾಲಿಯ ಮುಳ್ಳು ಚುಚ್ಚಿದ ಗಡ್ಡೆಗಳನ್ನು ಕೂಡಿಸಿ, ಬುಡ ಮಾತ್ರ ನೀರಿಗೆ ತಾಗುವಂತೆ ಇಟ್ಟರು. ಮೂರನೆಯ ದಿನಕ್ಕೆ ಮುದುಕರ ಗಡ್ಡದ ಹಾಗೆ ಬಿಳಿ ಬೇರು ಇಳಿಬಿದ್ದವು. ಸಂಜೆ ಶಾಲೆ ಬಿಟ್ಟ ಮೇಲೆ ಪ್ರತಿಮಾ ತುದಿ ಕತ್ತರಿಸಿ, ತೆಳು ಆ್ಯಸಿಡ್ಡಿನಲ್ಲಿ ಮೆತ್ತಗೆ ಮಾಡಿ, ಬಣ್ಣದ ಬಾಟಲಿ ತೆಗೆದಳು. ಬಾಟಲಿಯ ತಳದಲ್ಲಿ ಬಣ್ಣ ಒಣಗಿ ಹಕ್ಕಳೆಯಾಗಿತ್ತು. ಕಲಕಿ ನೋಡಿದರೆ ಹುಣಸೆರಸದಂಥ ನೀರು. ಅದನ್ನೇ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ಒತ್ತಿ, ಇಳಿಬಿಸಿಲನ್ನು ಕನ್ನಡಿಯಿಂದ ಹಿಡಿದು ಬಗ್ಗಿ ನೋಡಿದಳು. ಬೂದು ಬಣ್ಣದ ಗೂಡುಗಳು, ಜೇನು ಹುಟ್ಟಿನ ಹಾಗೆ. ಗೂಡಿನೊಳಗೆ ಏನೂ ಇಲ್ಲ.

ನಾಲ್ಕು ಸಂಜೆ ಹೀಗೇ ಆಯಿತು. ಐದನೆಯ ಸಂಜೆ ಪ್ರತಿಮಾ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಬಿಡ್ರಿ ಕಾಮಣ್ಣಾರ. ಹೊಸಾ ಬಣ್ಣ ತರಸಬೇಕಂದ್ರ ಬೆಳಗಾವಿಗೆ ಬರೀಬೇಕು. ಪಾಠ ಅಂತೂ ಮುಗೀತು. ಚಾರ್ಟ್ ಐತಲ್ಲ," ಎಂದಳು.

ಕಾಮಣ್ಣ ಆ ಬಾಟಲಿಯನ್ನು ಮೂಗಿಗೆ ಹಿಡಿದಿದ್ದ. "ಇದರಾಗ ಏನೇನು ಹಾಕಿರತಾರ್ರಿ?"

"ಬಣ್ಣ, ಮತ್ತ ಅಸಿಟಿಕ್ ಆ್ಯಸಿಡ್."

"ಅದಾ ಅಂತೇನಿ! ನಮ್ಮಪ್ಪನ ಒಲಿ ಮುಂದ ಕುಂತಂಗಾತು. ರೇಷ್ಮಿಗೆ ರಾಣಿ ಬಣ್ಣ ಹಾಕುವಾಗ ಇದನ್ನ ಹನಿ ಹನಿ ಬಿಡತಿದ್ದ. ಅಕ್ಕೋರ, ನಮ್ಮ ಅಟ್ಟದ ಮ್ಯಾಲ ಆ ಬಣ್ಣದ ಡಬ್ಬಿ ಇನ್ನೂ ಐತ್ರಿ."

"ಸೀರಿಗೆ ಹಾಕೋ ಬಣ್ಣ ಇದಕ್ಕ ಹಿಡೀತೈತೇನ್ರಿ?"

"ಎಳೀ ಅಲ್ರಿ ಅದೂ?"

ಮರುದಿನ ಬಂತು ಡಬ್ಬಿ. ಮುಚ್ಚಳ ತುಕ್ಕು ಹಿಡಿದಿತ್ತು, ಒಳಗಿನ ಪುಡಿ ಮಾತ್ರ ಹೊಚ್ಚ ಹೊಸದರಂತೆ ಹಸಿರು ಮಿಂಚು ಹೊಡೆಯುತ್ತಿತ್ತು. ಒಂದು ಚಿಟಿಕೆ ಆ್ಯಸಿಡ್ಡಿಗೆ ಬಿದ್ದದ್ದೇ ಗುಲಾಬಿಯಾಗಿ, ಕೆಂಪಾಗಿ, ರಾಣಿ ಬಣ್ಣವಾಗಿ ಹರಡಿತು. ಪ್ರತಿಮಾ ಖುಷಿಯಿಂದ ಬೇರಿನ ತುದಿ ಮುಳುಗಿಸಿ ತೆಗೆದು ನೋಡಿದಳು. ಗೂಡು, ಗೋಡೆ, ಗಾಜು ಎಲ್ಲ ಒಂದೇ ಕೆಂಪು. ಬೆರಳೂ ಕೆಂಪು, ಸೆರಗಿಗೂ ಎರಡು ಹನಿ.

"ಓಕುಳಿ ಆಡಿದಂಗಾತಲ್ರಿ!"

ಆಗ ಕಾಮಣ್ಣ ತೋಳು ಮಡಚಿದ. ಅಲ್ಲಿಯ ತನಕ ಅವನು ಅಕ್ಕೋರ ಹೇಳಿದ್ದನ್ನು ಎತ್ತಿಕೊಡುವವನಷ್ಟೇ ಆಗಿದ್ದ. ಈಗ ತಾನೇ ಮುಂದೆ ಬಂದು ನಿಂತ.

"ಸರೀರಿ, ನಾ ಮಾಡತೇನಿ. ಬಣ್ಣ ಅಂದ್ರ ಬಳಿಯೂದಲ್ರಿ, ಕುಡಸೂದು. ತೆಳ್ಳಗ ಇರಬೇಕು, ಬೆಚ್ಚಗ ಇರಬೇಕು, ಕುಡಿಯಾಕ ಹೊತ್ತು ಕೊಡಬೇಕು. ಯಾವ ಎಳಿ ಹಿಡೀತೈತೋ ಅದು ಹಿಡೀತೈತಿ. ಹಿಡೀಲಾರದ್ದನ್ನ ತೊಳದು ಕಳಸಬೇಕು."

ಬಣ್ಣವನ್ನು ಹಳೆಯ ಧೋತರದ ಚೂರಿನಲ್ಲಿ ಮೂರು ಸಲ ಸೋಸಿದ. ಸಣ್ಣ ಗಾಜಿನ ಬಟ್ಟಲಲ್ಲಿ ಬೇರಿನ ತುದಿಗಳನ್ನು ಬಿಟ್ಟು ಸ್ಪಿರಿಟ್ ದೀಪದ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿದ. ಬೆರಳ ಹಿಂಬದಿ ತಾಗಿಸಿ ತಾಗಿಸಿ ಕಾವು ನೋಡಿದ. ಕುದಿ ಬರಗೊಡಲಿಲ್ಲ. ಆಮೇಲೆ ಬಟ್ಟಲು ಮುಚ್ಚಿಟ್ಟು ಸುಮ್ಮನೆ ಕೂತ. ಎಷ್ಟು ಹೊತ್ತು ಎಂದು ಪ್ರತಿಮಾ ಕೈಗಡಿಯಾರ ನೋಡಿ ಕೇಳಿದಳು. "ನಮ್ಮಪ್ಪ ಒಂದು ಎಲಿ ಅಡಿಕಿ ಹಾಕ್ಕೊಂಡು ಅಗದು ಮುಗಸೋವಷ್ಟು ಹೊತ್ತುರಿ," ಎಂದ ಕಾಮಣ್ಣ. ಅವಳು ತನ್ನ ನೋಟುಪುಸ್ತಕದಲ್ಲಿ ಹತ್ತು ನಿಮಿಷ ಎಂದು ಬರೆದುಕೊಂಡಳು. ಕೊನೆಗೆ ತೆಳು ಆ್ಯಸಿಡ್ಡಿನಲ್ಲಿ ಜಾಲಿಸಿ ಜಾಲಿಸಿ ಹೆಚ್ಚಿನ ಬಣ್ಣ ತೆಗೆದ.

ಈ ಸಲ ಗೂಡುಗಳು ತಿಳಿಯಾಗಿದ್ದವು. ಒಂದೊಂದು ಗೂಡಿನ ನಡುವೆಯೂ ಹಣೆಗೆ ಇಟ್ಟ ಕುಂಕುಮದ ಹಾಗೆ ಒಂದು ಕೆಂಪು ಚುಕ್ಕೆ.

"ಕೋಶಕೇಂದ್ರ!" ಎಂದು ಪ್ರತಿಮಾ ಕೂಗಿದ ಕೂಗಿಗೆ ಹೊರಗೆ ಗುಬ್ಬಿಗಳು ಹಾರಿಹೋದವು. ಆದರೆ ಎಷ್ಟು ಹುಡುಕಿದರೂ ಚುಕ್ಕೆಗಳೇ. ಎಳೆ ಒಂದೂ ಇಲ್ಲ.

ಅವಳು ಅಂದು ತಾನಿದ್ದ ಬಾಡಿಗೆ ಕೋಣೆಗೆ ಹೋಗಿ ಟ್ರಂಕಿನ ತಳದಿಂದ ತನ್ನ ಹಳೆಯ ಪ್ರಯೋಗದ ಪುಸ್ತಕ ತೆಗೆದು ಅಕ್ಷರ ಅಕ್ಷರ ಓದಿದಳು. ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಒಂದು ಸೂಚನೆ ಇತ್ತು. ಬೇರಿನ ತುದಿಯನ್ನು ಮುಂಜಾನೆ ಎಂಟರಿಂದ ಹತ್ತರೊಳಗೆ ಕತ್ತರಿಸಬೇಕು, ಕೋಶಗಳು ಹೆಚ್ಚಾಗಿ ವಿಭಜನೆಯಾಗುವುದು ಆಗ.

"ನಮಗ ಪ್ರ್ಯಾಕ್ಟಿಕಲ್ ಯಾವಾಗಲೂ ಊಟದ ಮ್ಯಾಲ ಇರತಿತ್ತು," ಎಂದು ಮರುದಿನ ಅವಳು ಹೇಳಿದಳು. "ನಾವು ನೋಡಾಕ ಹೋದಾಗ ಅವು ಕೆಲಸ ಮುಗಿಸಿ ಕುಂತಿರತಿದ್ದವು ಅಂತ ಕಾಣತೈತಿ."

ಗುರುವಾರ ಎಂಟಕ್ಕೆಲ್ಲ ಇಬ್ಬರೂ ಶಾಲೆಯಲ್ಲಿದ್ದರು. ಮೂಡಣ ಕಿಟಕಿಯಿಂದ ಎಳೆಬಿಸಿಲು ಕೋಲಿನ ಹಾಗೆ ಒಳಗೆ ಬಿದ್ದಿತ್ತು. ಬಣ್ಣ ಕುಡಿಸಿ, ತೊಳೆದು, ಗಾಜಿನ ಮೇಲಿಟ್ಟು ಮೇಲೊಂದು ತೆಳು ಗಾಜು ಮುಚ್ಚಿ, ಒತ್ತುಕಾಗದ ಹಾಕಿ ಪ್ರತಿಮಾ ಹೆಬ್ಬೆರಳಿನಿಂದ ಒತ್ತಿದಳು. ಚಟ್ ಅಂತ ಗಾಜು ಒಡೆಯಿತು. ಇನ್ನೊಂದು ಒತ್ತಿದಳು, ಅದೂ ಒಡೆಯಿತು. ಮೂರನೆಯದನ್ನು ಕಾಮಣ್ಣ ಒತ್ತಿದ. ಹರಿದ ರೇಷ್ಮೆ ಎಳೆಗೆ ಕಾಣದಂತೆ ಗಂಟು ಹಾಕಿ ಪಳಗಿದ ಬೆರಳು, ಅತ್ತಿತ್ತ ಜಾರದೆ ನೆಟ್ಟಗೆ ಇಳಿಯಿತು.

ಪ್ರತಿಮಾ ಕೈ ತೊಳೆಯಲು ಹೋದಾಗ ಅವನು ಕಣ್ಣಿಟ್ಟು ನೋಡತೊಡಗಿದ. ಚುಕ್ಕೆ, ಚುಕ್ಕೆ, ಚುಕ್ಕೆ. ಗಾಜನ್ನು ಕೂದಲೆಳೆಯಷ್ಟು ಸರಿಸಿದ. ಮತ್ತೆ ಚುಕ್ಕೆ. ಆಮೇಲೆ ಸರಿಸುವುದನ್ನು ನಿಲ್ಲಿಸಿದ.

"ಅಕ್ಕೋರ. ಇಲ್ಲೊಂದು ಮನ್ಯಾಗ ಚುಕ್ಕಿ ಇಲ್ರಿ."

"ಮತ್ತೇನೈತಿ?"

"ಎಳಿ ಅದಾವರಿ."

ನಲ್ಲಿ ಹಾಗೇ ಬಿಟ್ಟು ಪ್ರತಿಮಾ ಓಡಿ ಬಂದಳು. ಕಾಮಣ್ಣ ಮಾತ್ರ ತಲೆ ಎತ್ತಲೊಲ್ಲ. ಚಿಕ್ಕಂದಿನಿಂದ ಮಗ್ಗಕ್ಕೆ ಹೋಗುವ ಹಾಸುನೂಲಿನ ಎಳೆ ಎಣಿಸಿದ ಕಣ್ಣು ಅದು. ಎಳೆ ಕಂಡ ಮೇಲೆ ಎಣಿಸದೆ ಬಿಡುವುದು ಅದಕ್ಕೆ ಗೊತ್ತಿಲ್ಲ. ತುಟಿ ಅಲುಗಿಸುತ್ತ ಒಮ್ಮೆ ಎಣಿಸಿದ. ಒಂದರ ಮೇಲೊಂದು ಬಿದ್ದ ಕಡೆ ತಡೆದು, ಇನ್ನೊಮ್ಮೆ ಎಣಿಸಿದ.

"ಹದಿನಾರು ಅದಾವರಿ. ಒಂದೊಂದೂ ಜೋಡೆಳಿ, ನಡುವ ಒಂದು ಕಡೆ ಅಂಟಿಕೊಂಡಂಗ."

ಪ್ರತಿಮಾ ನಿಂತಲ್ಲೇ ನಿಂತಳು. ಎಷ್ಟು ಎಳೆ ಇರುತ್ತವೆಂದು ಅವಳು ಅವನಿಗೆ ಹೇಳಿರಲಿಲ್ಲ. ಗೋಡೆಯ ಚಾರ್ಟಿನಲ್ಲಿ ಬರೆಯಲು ಸುಲಭವಾಗಲೆಂದು ನಾಲ್ಕೇ ಇದ್ದವು. ಅವಳಿಗೂ ಸಂಖ್ಯೆ ನೆನಪಿರಲಿಲ್ಲ. ಟೇಬಲ್ಲಿನ ಮೇಲಿದ್ದ ಪುಸ್ತಕ ತೆಗೆದು ಒದ್ದೆ ಬೆರಳಲ್ಲೇ ಹಾಳೆ ತಿರುವಿದಳು. ಮನುಷ್ಯನಿಗೆ ನಲವತ್ತಾರು, ಬಟಾಣಿಗೆ ಹದಿನಾಲ್ಕು...

"ಉಳ್ಳಾಗಡ್ಡಿಗೆ ಹದಿನಾರು," ಎಂದು ಓದಿದಳು. ಮತ್ತೆ ಅವನ ಮುಖ ನೋಡಿ, "ಹದಿನಾರು ಅಂತನ ಐತ್ರಿ ಕಾಮಣ್ಣಾರ!" ಎಂದಳು.

ಕಾಮಣ್ಣ ಎದ್ದು ಅವಳಿಗೆ ಜಾಗ ಬಿಟ್ಟ. ಅವನು ಓದಲಾರದ ಪುಸ್ತಕದಲ್ಲಿ ಬರೆದಿದ್ದನ್ನು ಅವನ ಕಣ್ಣು ತಾನಾಗಿಯೇ ಓದಿತ್ತು. ಅಪ್ಪ ಇರಬೇಕಿತ್ತು ಎಂದುಕೊಂಡ. ನಿನ್ನ ಬಣ್ಣ ಎಲ್ಲಿ ಹೋಗಿ ಹಿಡಿಯಿತು ನೋಡಪ್ಪ ಎಂದು ಹೇಳಬೇಕಿತ್ತು.

ಆಮೇಲೆ ಪ್ರತಿಮಾ ನೋಡಿದಳು. ನೋಡಿ, ಕಣ್ಣು ತೆಗೆದು, ಒರೆಸಿಕೊಂಡು, ಇನ್ನೊಮ್ಮೆ ನೋಡಿದಳು. "ಖರೇನ ಅದಾವ," ಎಂದಳು, ಐದನೆಯ ಇಯತ್ತೆಯ ಹುಡುಗಿಯ ದನಿಯಲ್ಲಿ.

ಇನ್ನೇನು ಅವು ಬೇರೆಯಾಗುತ್ತವೆ ಎಂದು ಕಾಮಣ್ಣ ಕಾಯುತ್ತ ಕೂತ. ಪ್ರತಿಮಾ ನಗುತ್ತ ತಿಳಿಸಿದಳು. ಬಣ್ಣ ಹಾಕಿದ ಕೋಶಗಳಲ್ಲಿ ಜೀವವಿಲ್ಲ, ಯಾವುದು ಎಲ್ಲಿಗೆ ಬಂದಿತ್ತೋ ಅಲ್ಲೇ ನಿಂತುಬಿಟ್ಟಿರುತ್ತದೆ. ಮದುವೆಯ ಫೋಟೋ ಇದ್ದ ಹಾಗೆ. ಒಂದರಲ್ಲಿ ಅರಿಶಿಣ, ಒಂದರಲ್ಲಿ ಅಕ್ಷತೆ, ಒಂದರಲ್ಲಿ ಊಟ. ಸಾಲಾಗಿ ಜೋಡಿಸಿಕೊಂಡರೆ ಮದುವೆ ಹೇಗೆ ನಡೆಯಿತೆಂದು ತಿಳಿಯುತ್ತದೆ. ಹುಡುಗಿಯರಿಗೆ ತೋರಿಸಬೇಕೆಂದರೆ ಎಲ್ಲ ಫೋಟೋ ಬೇಕು. ಎಳೆಗಳು ಬಿಚ್ಚಿಕೊಂಡು ಎರಡು ತುದಿಗೆ ಹೊರಟ ಫೋಟೋ ಒಂದು ಸಿಕ್ಕಿರಲಿಲ್ಲ.

ಶುಕ್ರವಾರ ಮುಂಜಾನೆ ಅದನ್ನು ಹುಡುಕಲು ಕೂತರು. ಒಬ್ಬರ ಕಣ್ಣು ಸೋತರೆ ಇನ್ನೊಬ್ಬರು. ಒಂದು ಸ್ಲೈಡ್ ಆಯಿತು, ಎರಡಾಯಿತು, ಮೂರಾಯಿತು. ಹೊರಗೆ ಹುಡುಗಿಯರ ಗದ್ದಲ ಕೇಳಿಸುತ್ತಲೇ ಇತ್ತು, ಇಬ್ಬರಿಗೂ ಅದು ಕಿವಿಯೊಳಗೆ ಇಳಿಯಲಿಲ್ಲ.

ಶಾಲೆಯ ಗಂಟೆ ಬರೀ ಶಾಲೆಯದಾಗಿರಲಿಲ್ಲ. ಓಣಿಯ ಕೈಮಗ್ಗದವರೆಲ್ಲ ಹತ್ತೂವರೆಯ ಆ ಮೊದಲ ಗಂಟೆಗೇ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ರೊಟ್ಟಿ ತಿನ್ನಲು ಕೂರುತ್ತಿದ್ದರು. ಅಂದು ಹತ್ತೂವರೆ ಆಯಿತು, ಹನ್ನೊಂದೂ ಆಯಿತು. ಮೈದಾನದಲ್ಲಿ ಹುಡುಗಿಯರು ದೇವರು ಕೊಟ್ಟ ಆಟ ಎಂದು ಕುಂಟಾಬಿಲ್ಲೆ ಆಡುತ್ತಿದ್ದರು. ಹೆಡ್ ಮಾಸ್ತರು ಅಣ್ಣಾಸಾಹೇಬರು ತಮ್ಮ ಕೋಣೆಯಲ್ಲಿ ಪತ್ರ ಬರೆಯುತ್ತ, ಇನ್ನೂ ಗಂಟೆ ಆಗಿಲ್ಲ ಎಂದು ನಿಶ್ಚಿಂತರಾಗಿದ್ದರು. ಕೊನೆಗೆ ಎದುರು ಮನೆಯ ಮುದಿ ನೇಕಾರ ಶಂಕರೆಪ್ಪ ಹೆಗಲ ಮೇಲಿನ ಟಾವೆಲ್ ಕೊಡವುತ್ತ ಒಳಗೆ ಬಂದ.

"ಏನ್ರಿ ಸರ, ಹೊಟ್ಟಿ ಹತ್ತೂವರಿ ಆತು ಅಂತೈತಿ, ನಿಮ್ಮ ಗಂಟಿ ಇನ್ನೂ ಆಗಿಲ್ಲ ಅಂತೈತಿ. ಯಾವುದನ್ನ ನಂಬೋದು?"

ಅಣ್ಣಾಸಾಹೇಬರು ಗೋಡೆಯ ಗಡಿಯಾರ ನೋಡಿ ಹೌಹಾರಿ ಎದ್ದರು. ಸ್ಟೂಲು ಖಾಲಿ ಇತ್ತು. ಸಾಯನ್ಸ್ ಕೋಣೆಯ ಬಾಗಿಲು ದೂಡಿದರು. "ಕಾಮಣ್ಣ! ಗಂಟಿ ಎಲ್ಲಿ?"

ಅದೇ ಗಳಿಗೆಯಲ್ಲಿ ಕಾಮಣ್ಣನಿಗೆ ಅದು ಸಿಕ್ಕಿತ್ತು. ತಲೆ ಎತ್ತದೆ, ಹಿಂದಕ್ಕೆ ಕೈ ಬೀಸಿ, "ತಡೀರಿ ತಡೀರಿ, ಬಿಚ್ಚಿಕೊಂಡು ಹೊಂಟಾವ!" ಎಂದುಬಿಟ್ಟ.

ಹೆಡ್ ಮಾಸ್ತರರಿಗೆ ತಡೀರಿ ಅಂದದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಯಾರಿಗೆ ಹೇಳಿದೆನೆಂದು ಹೊಳೆದ ಮೇಲೆ ಕಾಮಣ್ಣ ಬೆಚ್ಚಿ ಎದ್ದು ನಿಂತ. ಪ್ರತಿಮಾ ಅಡ್ಡ ಬಂದು, "ತಪ್ಪು ನಂದರಿ ಸರ್. ಒಂದ ಸಲ ನೋಡ್ರಿ, ಆಮ್ಯಾಲ ಬೈರಿ," ಎಂದಳು.

ಇತಿಹಾಸ ಕಲಿಸಿ ಮೂವತ್ತು ವರ್ಷ ಕಳೆದ ಅಣ್ಣಾಸಾಹೇಬರು ಕನ್ನಡಕ ಹಣೆಗೇರಿಸಿ, ಸಿಟ್ಟನ್ನು ಹಾಗೇ ಮುಖದ ಮೇಲಿಟ್ಟುಕೊಂಡು ಬಗ್ಗಿದರು. ಪ್ರತಿಮಾ ಪಕ್ಕದಲ್ಲಿ ನಿಂತು ಹೇಳಿದಳು, ನಡುವಿನ ಆ ಗೂಡು ನೋಡ್ರಿ ಸರ್, ಎರಡು ತುದಿಗೆ ಎರಡು ಗುಂಪು. ಅವರು ಬಗ್ಗಿದವರು ಏಳಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು.

"ಸರ, ಸ್ವಲ್ಪ ಸರೀರಿ, ನಾನೂ ನೋಡತೇನಿ," ಎಂದ ಹಿಂದೆ ನಿಂತಿದ್ದ ಶಂಕರೆಪ್ಪ.

"ತಡಿಯೋ ಮಾರಾಯ!" ಎಂದರು ಅಣ್ಣಾಸಾಹೇಬರು.

ಎದ್ದಾಗ ಅವರ ಮುಖದ ಮೇಲೆ ಸಿಟ್ಟು ಇರಲಿಲ್ಲ. "ಇದು ನಮ್ಮೊಳಗೂ ನಡೀತೈತಿ?" ಎಂದು ಕೇಳಿದರು. "ಈಗಲೂ ನಡದೈತ್ರಿ ಸರ್," ಎಂದಳು ಪ್ರತಿಮಾ. ಅವರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ಕಾಮಣ್ಣನ ಕಡೆ ತಿರುಗಿ, "ಆ ಸ್ಲೈಡ್ ಒಣಗದಂಗ ನೋಡ್ಕೋ. ಗಂಟಿ ನಾ ಹೊಡೀತೇನಿ," ಎಂದು ಹೊರಟರು.

ಅವರು ಹೊಡೆದ ಗಂಟೆಗೆ ತಾಳವಿರಲಿಲ್ಲ. ಎಲ್ಲೋ ಬೆಂಕಿ ಬಿದ್ದಿದೆಯೆಂದು ನಾಲ್ಕು ಜನ ಕೊಡ ಹಿಡಿದು ಓಡಿ ಬಂದರಂತೆ.

ಅಂದು ಮೊದಲ ಎರಡು ತಾಸು ಬೇರೆ ಪಾಠ ನಡೆಯಲಿಲ್ಲ. ಹುಡುಗಿಯರು ಸಾಲಾಗಿ ಬಂದು, ಹತ್ತು ಎಣಿಸುವಷ್ಟು ಹೊತ್ತು ಕಣ್ಣಿಟ್ಟು ಹೋದರು. ಕೆಲವರು ನೋಡಿ ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ಕಾಂಚನಾ ಎಂಬ ಹುಡುಗಿ, "ಬಾಳೆಹಣ್ಣಿನ ಸಿಪ್ಪಿ ಎರಡೂ ಕಡೆಯಿಂದ ಜಗ್ಗಿದಂಗ ಐತ್ರಿ," ಎಂದಳು. ಗಾಜು ಒಣಗಿದಂತೆ ಕಾಮಣ್ಣ ಅಂಚಿಗೆ ಒಂದೊಂದು ಹನಿ ಬಿಡುತ್ತ ಕಾವಲು ಕೂತಿದ್ದ.

ಸುದ್ದಿ ಓಣಿಗೆ ಹರಡಲು ಶಂಕರೆಪ್ಪನ ಬಾಯಿಯೇ ಸಾಕಾಯಿತು. ಸೋಮವಾರ ಮುಂಜಾನೆ ಹತ್ತು ಹನ್ನೆರಡು ಹೆಂಗಸರು ಬಾಗಿಲಲ್ಲಿ ಬಂದು ನಿಂತರು, ಮುಂದೆ ಪದ್ಮವ್ವ. ತನ್ನ ನಾಲ್ಕು ಗಡ್ಡೆ ಏನಾದವೆಂದು ನೋಡಲು ಬಂದೆನೆಂದಳು. ಬೇರಿನ ಜೊತೆಗೆ ಮೊಳಕೆಯೂ ಬಂದಿದ್ದ ಗಡ್ಡೆಗಳನ್ನು ನೋಡಿ ತುಟಿ ಕೊಂಕಿಸಿದಳು. ಆಮೇಲೆ ಗಂಡ ಹೇಳಿದಂತೆ ಒಂದು ಕಣ್ಣು ಮುಚ್ಚಿ, ಅಂದಿನ ಹೊಸ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಒಂದು ಸೀರಿ ಹರದು ಎರಡು ಮಾಡಿದ್ರ ಎರಡೂ ಅರ್ಧರ್ಧ ಆಗತಾವ," ಎಂದಳು. "ಇದು ಹ್ಯಾಂಗ ಎರಡೂ ಇಡೀ ಆಗತೈತಿ?"

ಪ್ರತಿಮಾ ಬಾಯಿ ತೆರೆಯುವುದರೊಳಗೆ ಕಾಮಣ್ಣನೇ ಹೇಳಿದ. "ಹರಿಯೋಕಿಂತ ಮೊದಲ ಒಂದೊಂದು ಎಳಿಗೂ ಅಂಥಾದ್ದ ಇನ್ನೊಂದು ಎಳಿ ಆಗಿರತೈತಿ. ಹದಿನಾರು ಇದ್ದದ್ದು ಮೂವತ್ತೆರಡು. ಆಮ್ಯಾಲ ಇತ್ತಾಗ ಹದಿನಾರು, ಅತ್ತಾಗ ಹದಿನಾರು. ಒಂದು ಎಳಿ ಹೆಚ್ಚಿಲ್ಲ, ಕಮ್ಮಿಲ್ಲ. ಹಂಗಾಗಿ ಎರಡೂ ಇಡೀ ಸೀರೀನ. ಮೊನ್ನೆ ನೂಲು ಕೊಯ್ದು ನಿನ್ನ ಬೆರಳು ಹರದಿತ್ತಲ್ಲ, ಈಗ ಕೂಡೇತೋ ಇಲ್ಲೋ? ಹಳೇ ತೊಗಲಿನಂಥಾದ್ದ ಹೊಸಾ ತೊಗಲು. ಅದೂ ಹಿಂಗ."

ಪದ್ಮವ್ವ ಬೆರಳು ಬೆಳಕಿಗೆ ಹಿಡಿದಳು. ಗಾಯದ ಜಾಗದಲ್ಲಿ ಗುಲಾಬಿ ಚರ್ಮ ಬಂದಿತ್ತು, ಸಣ್ಣ ಗೆರೆಗಳ ಸಮೇತ. ಉಳಿದ ಹೆಂಗಸರೂ ತಮ್ಮ ತಮ್ಮ ಬೆರಳು ನೋಡಿಕೊಂಡರು.

"ಯಾರು ಕಲಿಸ್ಯಾರೋ ಇದಕ್ಕ ಕಸಬು," ಎಂದಳು ಪದ್ಮವ್ವ. ಹೋಗುವಾಗ ಗಡ್ಡೆಗಳನ್ನು ವಾಪಸು ಕೇಳಲಿಲ್ಲ.

ಸಂಕ್ರಾಂತಿ ಆದ ಮೇಲೆ ಜಮಖಂಡಿಯಲ್ಲಿ ಸಾಯನ್ಸ್ ಶಿಕ್ಷಕರಿಗೆ ಎರಡು ದಿನದ ತರಬೇತಿ ಗೊತ್ತಾಯಿತು. ಸುದ್ದಿ ಅಲ್ಲಿಯ ತನಕವೂ ಹೋಗಿದ್ದರಿಂದ, ಈ ಪ್ರಯೋಗ ಮಾಡಿ ತೋರಿಸಬೇಕೆಂದು ಪ್ರತಿಮಾಳಿಗೆ ಕಾಗದ ಬಂತು. ಒಬ್ಬರು ಸಹಾಯಕರನ್ನು ಕರೆತರಬಹುದು ಎಂದಿತ್ತು. ಅವಳು ಉತ್ತರದಲ್ಲಿ ಕಾಮಣ್ಣನ ಹೆಸರು ಮೊದಲು ಬರೆದು, ತನ್ನದನ್ನು ಸಹಾಯಕರ ಜಾಗದಲ್ಲಿ ಬರೆದಳು. ಅಣ್ಣಾಸಾಹೇಬರು ಅದನ್ನು ಓದಿ, ಕೆಳಗೆ ಸಹಿ ಹಾಕಿದರು.

ಮುಂಜಾನೆಯ ಬಸ್ಸಿನಲ್ಲಿ ಕಾಮಣ್ಣ ಒಗೆದ ಧೋತರ, ಇಸ್ತ್ರಿ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಆರು ಲೋಟ ಉಳ್ಳಾಗಡ್ಡಿ ಇಟ್ಟುಕೊಂಡು ಕೂತ. ಪ್ರತಿ ತಗ್ಗಿಗೂ ನೀರು ಪಕ್ಕದವನ ಮೇಲೆ ತುಳುಕುತ್ತಿತ್ತು. "ಊರ ಮುಟ್ಟೋದರಾಗ ನನಗೂ ಬೇರು ಬರತಾವ ನೋಡ್ರಿ," ಎಂದು ಆ ಮನುಷ್ಯ ಬೇಸತ್ತು ಹೇಳಿದ.

ಜಮಖಂಡಿಯ ಆ ಹಾಲಿನಲ್ಲಿ ಮುಧೋಳ, ಬೀಳಗಿ, ಸಮೀರವಾಡಿ ಕಡೆಯ ನಲವತ್ತು ಶಿಕ್ಷಕರಿದ್ದರು. ಅಷ್ಟು ಜನ ಕಲಿತವರು ಒಟ್ಟಿಗೆ ತನ್ನ ಕಡೆ ನೋಡಿದಾಗ ಕಾಮಣ್ಣ ಲೋಟಗಳ ಹಿಂದೆ ಸರಿದು ನಿಂತ. ನಮಸ್ಕಾರ ಎಂದ, ಮುಂದೆ ಮಾತೇ ಬರಲಿಲ್ಲ. ಪ್ರತಿಮಾ ಬೇಕೆಂದೇ ಸುಮ್ಮನಿದ್ದಳು. ಅಷ್ಟರಲ್ಲಿ ಮುಂದಿನ ಬೆಂಚಿನ ಮಾಸ್ತರರೊಬ್ಬರು ಬೇರಿನ ತುದಿಯನ್ನು ಬಣ್ಣಕ್ಕೆ ಅದ್ದಿ ಆ ಕ್ಷಣವೇ ಎತ್ತಿದರು.

"ಅಯ್ಯ, ತಡೀರಿ! ಹಂಗಲ್ಲರಿ! ಅದು ಕುಡೀಬೇಕ್ರಿ!" ಎಂದು ಕಾಮಣ್ಣ ಹಾರಿ ಬಂದ. ಅಲ್ಲಿಂದ ಮುಂದೆ ಅವನ ಬಾಯಿ ಕಟ್ಟಲಿಲ್ಲ. ಒಬ್ಬರ ದೀಪ ಇಳಿಸಿದ, ಒಬ್ಬರ ಬಟ್ಟಲು ಮುಚ್ಚಿಸಿದ, ಹೆಬ್ಬೆರಳು ಜಾರಿಸಿದವರಿಗೆಲ್ಲ ಬೈದ. ಬೈಸಿಕೊಂಡವರು ಹೌದ್ರಿ, ಆತ್ರಿ ಎಂದರು.

ಹನ್ನೊಂದರ ಹೊತ್ತಿಗೆ ಕಿಟಕಿಯ ಬಳಿ ಕೂತಿದ್ದ ಮುಧೋಳದ ರಾಜಕುಮಾರ ಮಾಸ್ತರರು, ನಿವೃತ್ತಿಗೆ ಎರಡೇ ವರ್ಷ ಉಳಿದವರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಯಾರಿಗೂ ಅಲ್ಲದೆ ಹೇಳಿದರು. "ಇಪ್ಪತ್ತೆಂಟು ವರ್ಷ ಚಾರ್ಟಿನ ಮ್ಯಾಲ ಕೋಲು ಇಟ್ಟು ಕಲಿಸಿದೆ. ನನಗ ಯಾರೂ ತೋರಿಸಿರಲಿಲ್ಲ, ನಾನೂ ಯಾರಿಗೂ ತೋರಿಸಲಿಲ್ಲ." ಪ್ರತಿಮಾ ಆ ಕಡೆಯಿಂದ, "ಈಗ ಎರಡು ವರ್ಷ ಅದಾವಲ್ರಿ ಸರ್," ಎಂದಳು. ಅವರು ನಕ್ಕು ಮತ್ತೆ ಬಗ್ಗಿದರು.

ಮಧ್ಯಾಹ್ನ ನೆಲದ ಮೇಲೆ ಪಂಕ್ತಿ ಹಾಕಿದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹಪ್ಪಳ. ಕಾಮಣ್ಣ ರೂಢಿಯಂತೆ ರೊಟ್ಟಿಯ ಬುಟ್ಟಿಗೆ ಕೈ ಹಾಕಿ ಬಡಿಸಲು ಎದ್ದ. ರಾಜಕುಮಾರ ಮಾಸ್ತರರು ಅವನ ತೋಳು ಹಿಡಿದು ಜಗ್ಗಿ ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು.

"ಎಲ್ಲಿಗೆ ಹೊಂಟ್ರಿ? ಕೂಡ್ರಿಲ್ಲಿ. ಆ ಒತ್ತೋದೊಂದು ನನಗ ಇನ್ನೂ ಬರವಲ್ದು. ನಂದು ನಾಕು ಗಾಜು ಒಡದ್ವು."

"ಅದು ಭಾಳ ಸರಳ ಐತ್ರಿ," ಎಂದ ಕಾಮಣ್ಣ. ತಟ್ಟೆಯಲ್ಲಿ ಬದನೆಕಾಯಿಯ ಒಂದು ಚೂರು ಇಟ್ಟು, ಅದರ ಮೇಲೆ ಹಪ್ಪಳ ಮುಚ್ಚಿದ. ಆಚೀಚೆ ಕೂತವರು ತುತ್ತು ಕೈಯಲ್ಲೇ ಹಿಡಿದು ಬಗ್ಗಿದರು. ಬೀಳಗಿಯ ಇಬ್ಬರು ಟೀಚರು ಎದ್ದು ಬಂದು ಹಿಂದೆ ನಿಂತರು. ಕಾಮಣ್ಣ ಹೆಬ್ಬೆರಳು ನೆಟ್ಟಗೆ ಹಿಡಿದು, ಉಸಿರು ಕಟ್ಟಿ, ಎಲ್ಲರಿಗೂ ಕಾಣುವಂತೆ ಮೆಲ್ಲಗೆ ಒತ್ತಿದ.

ಹಪ್ಪಳ ಪುಡಿಪುಡಿಯಾಯಿತು. ಎಣ್ಣೆಗಾಯಿಯ ರಸ ರಾಜಕುಮಾರ ಮಾಸ್ತರರ ಅಂಗಿಗೆ ಹಾರಿತು. ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಪ್ರತಿಮಾ.

"ಹಿಂಗ ಒತ್ತಬಾರದರಿ," ಎಂದ ಕಾಮಣ್ಣ ಗಂಭೀರವಾಗಿ. "ಇನ್ನೊಂದು ಹಪ್ಪಳ ತರ್ರಿ."